ಓದುಗರ ಪ್ರಶ್ನೆ: ಕಾಲಿಗೆ ಪೆಟ್ಟಾದ ಬೆಕ್ಕಿನ ಮರಿ

ಪ್ರಶ್ನೆ: ಮೋರಿಯ ಪಕ್ಕ ಯಾರೋ ಬಿಟ್ಟುಹೋದ, ಸುಮಾರು ನಾಲ್ಕು ವಾರದ ಬೆಕ್ಕಿನ ಮರಿ ಸಿಕ್ಕಿದೆ. ಹಿಂಗಾಲು ಎಳೆಯುತ್ತಿದೆ, ಗಾಯದಲ್ಲಿ ಹುಳು ಕಾಣುತ್ತಿದೆ, ಮೈ ತಣ್ಣಗಿದೆ. ಹಾಲು ಕೊಡಬಹುದೇ? ಬೇರೆಯವರಿಗೆ ಕೊಡುವುದು ಯಾವಾಗ?

ಉತ್ತರ: ಮೊದಲು ಮೈ ಬೆಚ್ಚಗಾಗಲಿ, ಆಮೇಲೆ ಹೊಟ್ಟೆಯ ಮಾತು. ತಣ್ಣಗಾದ ಮರಿಗೆ ಹಾಲು ಅರಗುವುದಿಲ್ಲ, ಸರಿಯಾಗಿ ನುಂಗಲಾಗದೆ ಶ್ವಾಸಕೋಶಕ್ಕೂ ಇಳಿಯಬಹುದು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ರಟ್ಟಿನ ಡಬ್ಬದ ಒಂದೇ ಬದಿಗಿಡಿ. ಹಸುವಿನ ಹಾಲು ಭೇದಿ ತರಿಸುತ್ತದೆ. ಮರಿಬೆಕ್ಕಿನ ಹಾಲಿನ ಪುಡಿ ತನ್ನಿ. ಕುಡಿಸುವಾಗ ಹೊಟ್ಟೆ ಕೆಳಗಿರಲಿ, ಅಂಗಾತ ಮಲಗಿಸಲೇಬೇಡಿ.

ಗಾಯಕ್ಕೆ ಟರ್ಪೆಂಟೈನ್, ಫಿನಾಯಿಲ್, ಡೆಟಾಲ್ ಬೇಡವೇ ಬೇಡ. ಬೆಕ್ಕು ನೆಕ್ಕುತ್ತದೆ, ಅದು ವಿಷ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮುಕ್ಕಾಲು ಟೀ ಚಮಚ ಉಪ್ಪು ಬೆರೆಸಿ ಮೆಲ್ಲಗೆ ತೊಳೆಯಿರಿ. ಹುಳು ತೆಗೆಯುವುದು ಪಶುವೈದ್ಯರ ಕೆಲಸ, ಇವತ್ತೇ ಹೋಗಿ. ಕಾಲಿಗೆ ನೀವೇ ಕಡ್ಡಿ ಕಟ್ಟಬೇಡಿ. ಮೂಳೆ ಇನ್ನಷ್ಟು ಜರುಗುತ್ತದೆ. ನೋವಿಗೆಂದು ಪ್ಯಾರಸಿಟಮಾಲ್ ಚೂರು ಕೊಟ್ಟರೂ ಪ್ರಾಣ ಹೋದೀತು. ಮೂತ್ರ ಹೋಗುತ್ತಿದೆಯೇ ಎಂದು ಗಮನಿಸಿ ವೈದ್ಯರಿಗೆ ಹೇಳಿ. ಸೊಂಟಕ್ಕೆ ಪೆಟ್ಟಾಗಿದ್ದರೆ ಅದು ಮುಖ್ಯ ಸುಳಿವು.

ಮರಿ ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ರೇಬೀಸ್ ಲಸಿಕೆಗೆ ಹೋಗಿ. ಪುಟ್ಟ ಮರಿಯೆಂದು ಉದಾಸೀನ ಸಲ್ಲದು.

ಎಂಟು ವಾರ ತುಂಬಿ, ಗಾಯ ಮಾಗಿ, ತಾನೇ ತಿನ್ನುವಂತಾದ ಮೇಲೆ ಕೊಡಿ. ಜಂತುಹುಳುವಿನ ಔಷಧ, ಮೊದಲ ಲಸಿಕೆಯ ಚೀಟಿ ಜೊತೆಗಿರಲಿ. ಒಯ್ಯುವವರ ಮನೆ ನೋಡಿ ಬನ್ನಿ: ಮಹಡಿಯ ಬಾಲ್ಕನಿಗೆ ಬಲೆ ಇಲ್ಲದಿದ್ದರೆ ಹಾಕಿಸಿದ ಮೇಲೆಯೇ ಮರಿ ಒಪ್ಪಿಸಿ.