ಆಕೆ ಏಕೆ ನಗಬೇಕು?

ಕಳೆದ ಸಂಚಿಕೆಯಲ್ಲಿ ನಾವು ಅಚ್ಚು ಹಾಕಿದ್ದ ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್‌ನ ‘ಕಾಫಿ ಪಾತ್ರೆಯೊಂದಿಗೆ ಮಹಿಳೆ’ ಚಿತ್ರ ಮೈಸೂರಿನ ಓದುಗರೊಬ್ಬರಿಗೆ ಹಿಡಿಸಿಲ್ಲ. ಮುಖದಲ್ಲಿ ಭಾವವೇ ಇಲ್ಲ, ಮನೆಗೆಲಸದ ಹೆಂಗಸನ್ನೂ ಪಕ್ಕದ ಪಾತ್ರೆಯನ್ನೂ ಒಂದೇ ಕಣ್ಣಿನಿಂದ ನೋಡಿದವನನ್ನು ದೊಡ್ಡ ಕಲಾವಿದ ಎನ್ನುವುದು ಹೇಗೆ ಎಂದು ಕೇಳಿದ್ದಾರೆ.

ನಿಮ್ಮ ಆಕ್ಷೇಪಕ್ಕೆ ಆಧಾರವಿದೆ. ನಿಸರ್ಗವನ್ನು ಸಿಲಿಂಡರು, ಗೋಳ, ಶಂಕುಗಳಾಗಿ ಕಾಣಬೇಕೆಂದು ಸೆಜಾನ್ 1904ರಲ್ಲಿ ಕಿರಿಯ ಚಿತ್ರಕಾರ ಎಮಿಲ್ ಬರ್ನಾರ್‌ಗೆ ಪತ್ರ ಬರೆದದ್ದು ಪ್ರಸಿದ್ಧ. ಆದರೆ ದಯವಿಟ್ಟು ಚಿತ್ರವನ್ನು ಇನ್ನೊಮ್ಮೆ ನೋಡಿ. 1890ರಿಂದ 95ರ ನಡುವೆ ಬರೆದದ್ದು, ಈಗ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಎತ್ತರ 130 ಸೆಂಟಿಮೀಟರ್! ಹಣ ಕೊಟ್ಟು ಚಿತ್ರ ಬರೆಸಿಕೊಳ್ಳುವ ಶ್ರೀಮಂತರಿಗೆ ಸಲ್ಲುತ್ತಿದ್ದ ಅಳತೆ ಅದು. ಅಷ್ಟು ಜಾಗವನ್ನು ನೀಲಿ ಉಡುಪಿನ ಈ ಹೆಂಗಸು ಬೆಟ್ಟದಂತೆ ತುಂಬಿಕೊಂಡು ಕೂತಿದ್ದಾಳೆ. ಕೆಲಸದ ಕೈಗಳು ಮಡಿಲಲ್ಲಿ ಸುಮ್ಮನಿವೆ. ಲೋಟದೊಳಗೆ ಚಮಚ ನೆಟ್ಟಗೆ ನಿಂತಿದೆ, ಅವಳ ಬೆನ್ನಿನಷ್ಟೇ ನೆಟ್ಟಗೆ. ಯಾರನ್ನೂ ಮೆಚ್ಚಿಸುವ ಗರಜು ಆ ಮುಖಕ್ಕಿಲ್ಲ. ನಿಮಗೆ ಭಾವಶೂನ್ಯವೆನಿಸಿದ್ದು ನನಗೆ ಗಾಂಭೀರ್ಯವಾಗಿ ಕಾಣುತ್ತದೆ.

ಇನ್ನು ವಸ್ತುವಿನಂತೆ ಕಂಡ ಎಂಬ ಮಾತು. ತನ್ನ ಚಿತ್ರಗಳನ್ನು ಮಾರುತ್ತಿದ್ದ ವ್ಯಾಪಾರಿ ಆಂಬ್ರ್ವಾಸ್ ವೊಲಾರ್‌ನನ್ನು 1899ರಲ್ಲಿ ಬರೆಯುವಾಗಲೂ ಸೆಜಾನ್ ಸೇಬಿನ ಹಾಗೆ ಅಲುಗಾಡದೆ ಕೂರಬೇಕೆಂದು ಗದರಿಸಿದ್ದನಂತೆ. 115 ಸಲ ಕೂರಿಸಿದ ಮೇಲೂ ಅಂಗಿಯ ಎದೆಭಾಗ ಪರವಾಗಿಲ್ಲ ಎಂದನಷ್ಟೇ. ವೊಲಾರ್ ತಾನೇ ಬರೆದುಕೊಂಡ ಸಂಗತಿ ಇದು. ಯಜಮಾನನಿಗೊಂದು, ಆಳಿಗೊಂದು ನೋಟ ಆ ಕಲಾವಿದನಲ್ಲಿರಲಿಲ್ಲ. ಬ್ಯಾಂಕರ್‌ನ ಮಗನಾಗಿದ್ದ ಸೆಜಾನ್‌ಗೆ ಇದು ಸಣ್ಣ ಗುಣವಲ್ಲ.

ನನ್ನ ಸಿಟ್ಟು ಬೇರೆ ಕಡೆಗಿದೆ. ವೊಲಾರ್‌ನ ಹೆಸರು, ಅವನು ಕೂತ ಲೆಕ್ಕ ಎಲ್ಲವೂ ಉಳಿದಿವೆ. ಈಕೆ ಸೆಜಾನ್ ಮನೆತನದ ಕೆಲಸದವಳಿರಬಹುದು ಎನ್ನುತ್ತಾರೆ. ಹೆಸರು ಮಾತ್ರ ಯಾರೂ ಬರೆದಿಡಲಿಲ್ಲ. ನಾವೇನು ಕಡಿಮೆ? ದುಡಿಯುವ ಹೆಣ್ಣು ಚಿತ್ರದಲ್ಲಿ ಬಂದರೆ ಮುದ್ದಾಗಿ ನಗಬೇಕು, ಇಲ್ಲವೇ ಕರುಳು ಹಿಂಡುವಂತೆ ಅಳಬೇಕು. ನಿಮ್ಮಂಥ ಸೂಕ್ಷ್ಮ ಓದುಗರೂ ಅದನ್ನೇ ಬಯಸುತ್ತೀರಲ್ಲ! ಪತ್ರಿಕೆಗಳಲ್ಲಿ ನಾಟಿ ಮಾಡುವವರ, ಇಟ್ಟಿಗೆ ಹೊರುವವರ ಫೋಟೊ ಬಂದಾಗ ಛಾಯಾಗ್ರಾಹಕನ ಹೆಸರು ತಪ್ಪದೆ ಇರುತ್ತದೆ. ಎದುರಿಗೆ ನಿಂತವಳು ಬರೀ ‘ಕಾರ್ಮಿಕ ಮಹಿಳೆ’. ಹೆಸರು ಕೇಳಲು ಎಷ್ಟು ಹೊತ್ತು ಬೇಕು?