ಕಪ್ಪು ಮೊಲಗಳ ಜೋಡಿಗೆ ಕಂದು ಮರಿ ಹುಟ್ಟಿದರೆ ತಾಯಿಯನ್ನು ಬದಲಾಯಿಸಬೇಕೇ?

ನಾನು ಬದಲಾಯಿಸಿದ್ದೆ. ನನ್ನ ಕಪ್ಪು ಜೋಡಿಗೆ ಹುಟ್ಟಿದ ಏಳು ಮರಿಗಳಲ್ಲಿ ಎರಡು ಕಂದಾಗಿದ್ದವು. ತಾಯಿಯದೇ ದೋಷವೆಂದು ನಿರ್ಧರಿಸಿ ಅದನ್ನೂ ಆ ಎರಡು ಮರಿಗಳನ್ನೂ ಬೇರೆಯವರಿಗೆ ಕೊಟ್ಟು, ಹೊಸ ಕಪ್ಪು ಹೆಣ್ಣನ್ನು ತಂದೆ. ಅದು ಎರಡು ಸಲವೂ ಕಪ್ಪು ಮರಿಗಳನ್ನೇ ಹಾಕಿದಾಗ ನನ್ನ ತೀರ್ಮಾನ ಸರಿಯಾಯಿತೆಂದು ಬೀಗಿದೆ. ಆ ಮರಿಗಳು ಬೆಳೆದ ಮೇಲೆ ಅವುಗಳಲ್ಲೇ ಜೋಡಿ ಮಾಡಿದೆ (ಒಡಹುಟ್ಟಿದವುಗಳನ್ನು ಕೂಡಿಸಿದ್ದು ಇನ್ನೊಂದು ಅವಿವೇಕ). ಕಂದು ಮರಿಗಳು ಮತ್ತೆ ಹುಟ್ಟಿದವು.

ನಾನು ಎಡವಿದ್ದೆಲ್ಲಿ ಎಂಬುದನ್ನು ಬಿಡಿಸಿ ಹೇಳಲೇಬೇಕು. ಈ ಬಣ್ಣದ ವಂಶವಾಹಿಯ ಒಂದು ಪ್ರತಿ ತಂದೆಯಿಂದ, ಇನ್ನೊಂದು ತಾಯಿಯಿಂದ ಬರುತ್ತದೆ. ಕಪ್ಪು ಪ್ರಬಲವಾದ್ದರಿಂದ ಅದರ ಒಂದೇ ಪ್ರತಿಯಿದ್ದರೂ ಮೈ ಕಪ್ಪಾಗಿ ಕಾಣುತ್ತದೆ. ದುರ್ಬಲವಾದ ಕಂದು ಕಾಣಬೇಕಾದರೆ ಎರಡೂ ಪ್ರತಿಗಳು ಕಂದಾಗಿರಬೇಕು. ಅಂದರೆ ಮೊದಲ ಕಂದು ಮರಿ ಹುಟ್ಟಿದಾಗಲೇ ತಂದೆಯೂ ಕಂದನ್ನು ಕೊಟ್ಟಿದೆ ಎಂಬುದು ಸಾಬೀತಾಗಿತ್ತು, ನಾನು ಉಳಿಸಿಕೊಂಡದ್ದು ಅದೇ ತಂದೆಯನ್ನು! ಹೊಸ ಹೆಣ್ಣಿನಲ್ಲಿ ಎರಡೂ ಕಪ್ಪು ಪ್ರತಿಗಳಿದ್ದಿರಬೇಕು; ಆದ್ದರಿಂದ ಮರಿಗಳೆಲ್ಲ ಕಪ್ಪಾದವು, ಆದರೆ ಅವುಗಳಲ್ಲಿ ಸರಾಸರಿ ಅರ್ಧದಷ್ಟು ತಂದೆಯ ಕಂದನ್ನು ಒಳಗಿಟ್ಟುಕೊಂಡೇ ಬೆಳೆಯುತ್ತವೆ. ಅಂಥ ಎರಡು ಕೂಡಿದಾಗ ನಾಲ್ಕರಲ್ಲೊಂದು ಪಾಲು ಕಂದು ಮರಿಗಳನ್ನು ನಿರೀಕ್ಷಿಸಬೇಕು. 1866ರಲ್ಲಿ ಮೆಂಡೆಲ್ ಬಟಾಣಿ ಗಿಡಗಳ ಬಗ್ಗೆ ಪ್ರಕಟಿಸಿದ 3:1 ಅನುಪಾತವೇ ಇದು. ದುರ್ಬಲ ಎಂಬ ಹೆಸರೇ ದಾರಿ ತಪ್ಪಿಸುತ್ತದೆ: ಆ ವಂಶವಾಹಿ ತಲೆಮಾರು ಕಳೆದಂತೆ ಸವೆಯುವುದಿಲ್ಲ, ಮರೆಯಲ್ಲಿರುತ್ತದೆ ಅಷ್ಟೆ.

ಹೀಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಂದು ದೋಷವಲ್ಲ, ತಾಯಿಯೊಂದನ್ನೇ ಬದಲಾಯಿಸಿದರೆ ಅದು ಹೋಗುವುದೂ ಇಲ್ಲ. ಕಪ್ಪು ಮರಿಗಳೇ ಬೇಕೆಂಬ ಹಟವಿದ್ದರೆ, ಈಗಿನ ಗಂಡು ಹೆಣ್ಣುಗಳೆರಡನ್ನೂ ತಳಿ ಬೆಳೆಸಲು ಬಳಸಬೇಡಿ, ಕಂದು ಮರಿಯನ್ನು ಮಾತ್ರ ಖಂಡಿತ ಉಳಿಸಿಕೊಳ್ಳಿ. ಈ ಎರಡು ಬಣ್ಣಗಳ ಮಟ್ಟಿಗೆ, ನೋಡಿದೊಡನೆ ಒಳಗಿರುವುದನ್ನು ತಿಳಿಯಬಹುದಾದ ಮೊಲ ಅದೊಂದೇ. ಅದು ಬೆಳೆದ ಮೇಲೆ, ಹೊರಗಿನಿಂದ ತಂದ ಕಪ್ಪು ಮೊಲವನ್ನು ಅದರೊಂದಿಗೆ ಕೂಡಿಸಿ. ಒಂದೇ ಒಂದು ಕಂದು ಮರಿ ಹುಟ್ಟಿದರೂ ಹೊಸ ಮೊಲದಲ್ಲಿ ಕಂದು ಅಡಗಿದೆಯೆಂದು ಖಚಿತವಾಗುತ್ತದೆ. ಕಂದು ಅಡಗಿದ್ದರೂ ಐದು ಮರಿಗಳೂ ಕಪ್ಪಾಗಿಯೇ ಹುಟ್ಟುವ ಸಾಧ್ಯತೆ 32ರಲ್ಲಿ 1, ಹತ್ತೂ ಕಪ್ಪಾಗುವ ಸಾಧ್ಯತೆ 1,024ರಲ್ಲಿ 1.

ಈ ಪರೀಕ್ಷೆ ಮಾಡುವ ಹೊತ್ತಿಗೆ ನನ್ನ ಬಳಿ ಕಂದು ಮೊಲವೇ ಇರಲಿಲ್ಲ. ಎರಡನೆಯ ಸಲ ಹುಟ್ಟಿದವುಗಳನ್ನೂ ಕೊಟ್ಟುಬಿಟ್ಟಿದ್ದೆ. ಒಂದನ್ನು ಕೇಳಿ ತರಬೇಕಾಯಿತು.