ಸರಣಿ ಕಾದಂಬರಿ ತಿದ್ದುವ ಲೆಕ್ಕಾಚಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಫ್ಯಾಂಟಸಿ ಸರಣಿ ಬರೆಯುತ್ತಿರುವವರದೇ ಹೆಚ್ಚು. ಒಂದೇ ತೆರನಾದ ಪ್ರಶ್ನೆಗಳನ್ನು ಸೇರಿಸಿ ಐದಕ್ಕೆ ಉತ್ತರಿಸಿದ್ದೇವೆ.

ಪ್ರಶ್ನೆ: ನಾಲ್ಕು ಭಾಗಗಳ ಸರಣಿ ಬರೆಯುತ್ತಿದ್ದೇನೆ. ಮೊದಲ ಭಾಗ 1,40,000 ಪದಗಳಿಗೆ ಮುಗಿದಿದೆ, ಇನ್ನೂ ಅಚ್ಚಾಗಿಲ್ಲ. ಅದರಲ್ಲಿ ಸತ್ತವರ ಜತೆ ಯಾರು ಬೇಕಾದರೂ ಮಾತಾಡಬಹುದು. ಎರಡನೇ ಭಾಗದಲ್ಲಿ ಒಂದು ಕೊಲೆಯಾಗುತ್ತದೆ. ಸತ್ತವನನ್ನೇ ಕೇಳಿಬಿಟ್ಟರೆ ಗುಟ್ಟೇ ಉಳಿಯುವುದಿಲ್ಲ. ಈಗಲೇ ಹಿಂದೆ ಹೋಗಿ ತಿದ್ದಲೇ, ಮುಂದೆ ಬರೆಯಲೇ?
— ವಿರಾಜಪೇಟೆಯ ಓದುಗಿ

ಉತ್ತರ: ಮುಂದೆ ಬರೆಯಿರಿ. ಆದರೆ ಮೊದಲ ಭಾಗ ಆಗಲೇ ತಿದ್ದಿಯಾಗಿದೆ ಎಂದುಕೊಂಡು ಬರೆಯಿರಿ. ಹೊಸ ನಿಯಮವನ್ನು ತಾರೀಕು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಅದು ಮೊದಲ ಭಾಗದ ಯಾವ ಯಾವ ಅಧ್ಯಾಯಕ್ಕೆ ತಾಗುತ್ತದೆಂದು ಪಕ್ಕದಲ್ಲೇ ಗುರುತು ಮಾಡಿ, ಅಷ್ಟಕ್ಕೆ ನಿಲ್ಲಿಸಿ. ಅರ್ಧಕ್ಕೆ ಬಿಟ್ಟು ಹಿಂದೆ ಹೋದವರು ಸಾಮಾನ್ಯವಾಗಿ ಎರಡು ಸಲ ಹೋಗಬೇಕಾಗುತ್ತದೆ, ಏಕೆಂದರೆ ಎರಡನೇ ಭಾಗದ ಕೊನೆಗೆ ಬರುವಷ್ಟರಲ್ಲಿ ಆ ನಿಯಮ ಇನ್ನೊಮ್ಮೆ ಬದಲಾಗಿರುತ್ತದೆ. ಮೊದಲ ಭಾಗ ಅಚ್ಚಾಗಿಲ್ಲ ಎಂಬುದೇ ನಿಮ್ಮ ಬಂಡವಾಳ. ಎರಡೂ ಕರಡು ಕೈಯಲ್ಲಿರುವ ತನಕ ಪ್ರಕಾಶಕರ ಬಳಿ ಹೋಗುವ ಅವಸರ ಬೇಡ.

ನಿಯಮ ತಿದ್ದುವಾಗ ಶಕ್ತಿಯನ್ನೇ ಕಿತ್ತುಹಾಕಬೇಡಿ, ಅದಕ್ಕೆ ಬೇಲಿ ಕಟ್ಟಿ. ಯಾರಿಗೆ ಮಾತ್ರ ಸಾಧ್ಯ, ಯಾವ ದಿನ, ಎಲ್ಲಿ, ಏನು ತೆತ್ತು: ಈ ನಾಲ್ಕಕ್ಕೂ ಉತ್ತರವಿರಬೇಕು. ಮಾದರಿ ನಿಮ್ಮೂರಿನಲ್ಲೇ ಇದೆ. ಕೆಲವು ಒಕ್ಕಗಳಲ್ಲಿ, ಅಂದರೆ ಒಂದೇ ಮನೆಹೆಸರಿನ ಕೊಡವ ಕುಲಗಳಲ್ಲಿ, ಕಾರಣ ತೆರೆ ಎಂಬ ಆಚರಣೆ ಕಟ್ಟಿಸುತ್ತಾರೆ. ಗತಿಸಿದ ಹಿರಿಯರು ತೆರೆ ಕಟ್ಟಿದವನ ಮೈಮೇಲೆ ಬಂದು ಮಾತಾಡುತ್ತಾರೆಂಬ ನಂಬಿಕೆ. ಯಾರು ಬೇಕೋ ಅವರು, ಬೇಕೆಂದಾಗ, ಬೇಕಾದಲ್ಲಿ ಕರೆಯುವಂತಿಲ್ಲ. ಕೇಳುವುದು ಆ ಒಕ್ಕದವರು, ಕೇಳುವ ಹೊತ್ತು ಗೊತ್ತಾದದ್ದು. ನಿಮ್ಮ ಕಥೆಯಲ್ಲೂ ಸತ್ತವನು ತನ್ನ ರಕ್ತಸಂಬಂಧಿಗೆ ಮಾತ್ರ, ವರ್ಷಕ್ಕೊಂದು ರಾತ್ರಿ ಮಾತ್ರ ಸಿಗುವುದಾದರೆ ಕೊಲೆಯ ಗುಟ್ಟು ಉಳಿಯುತ್ತದೆ. ಆ ರಾತ್ರಿಗಾಗಿ ಕಾಯುವ ಕುತೂಹಲ ನಿಮಗೆ ಲಾಭ. ಆ ರಕ್ತಸಂಬಂಧಿಯೇ ಕೊಲೆಗಾರನಾಗಿದ್ದರಂತೂ ಎರಡನೇ ಭಾಗಕ್ಕೆ ಬೇರೆ ಕಥಾವಸ್ತುವೇ ಬೇಡ.

ಈಗ ತಿದ್ದುವ ಕ್ರಮ. ಎರಡೂ ಕರಡು ಮುಗಿದ ಮೇಲೆ ಒಂದು ತಿಂಗಳಾದರೂ ಮುಚ್ಚಿಡಿ. ಆಮೇಲೆ ಮೊದಲ ಭಾಗವನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ಒಂದು ವಾಕ್ಯವನ್ನೂ ತಿದ್ದದೆ ಓದಿ. ಓದುತ್ತಾ ದೃಶ್ಯಕ್ಕೊಂದು ಸಾಲಿನಂತೆ ಪಟ್ಟಿ ಮಾಡಿ: ಯಾವ ದಿನ, ಯಾವ ಜಾಗ, ಯಾರ ಕಣ್ಣಿನಿಂದ, ಯಾರಿಗೆ ಏನು ಬೇಕಿತ್ತು, ಕೊನೆಗೆ ಏನು ಬದಲಾಯಿತು. ದೃಶ್ಯಕ್ಕೆ 1,500ರಿಂದ 2,000 ಪದ ಎಂದರೂ ನಿಮ್ಮದು 70ರಿಂದ 90 ಸಾಲಿನ ಪಟ್ಟಿ. ಕೊನೆಯ ಕಾಲಂ ಖಾಲಿ ಬಿದ್ದ ದೃಶ್ಯಗಳನ್ನು ತೆಗೆಯಬೇಕು, ಇಲ್ಲವೇ ಪಕ್ಕದ ದೃಶ್ಯದೊಳಗೆ ಸೇರಿಸಬೇಕು. ಫ್ಯಾಂಟಸಿಯಲ್ಲಿ ಹೀಗೆ ಖಾಲಿ ಬೀಳುವುದು ಹೆಚ್ಚಾಗಿ ಲೋಕವನ್ನು ಪರಿಚಯಿಸುವ ದೃಶ್ಯಗಳು: ಸಂತೆ, ಗುರುಕುಲ, ಅಜ್ಜ ಹೇಳುವ ರಾಜವಂಶದ ಕಥೆ.

ಎರಡನೇ ಸುತ್ತಿನಲ್ಲಿ ದೃಶ್ಯಗಳನ್ನು ಕತ್ತರಿಸುವುದು, ಜಾಗ ಬದಲಿಸುವುದು. ಮೂರನೆಯದರಲ್ಲಿ ನಿಯಮ, ದಿನ, ದೂರ, ವಯಸ್ಸು. ಹುಣ್ಣಿಮೆಯಿಂದ ಹುಣ್ಣಿಮೆಗೆ 29–30 ದಿನ; ಹನ್ನೆರಡು ದಿನದ ಪ್ರಯಾಣದಲ್ಲಿ ಎರಡು ಹುಣ್ಣಿಮೆ ಬಂದರೆ ಓದುಗರು ಹಿಡಿಯುತ್ತಾರೆ. ಭಾಷೆಗೆ ಕೈ ಹಾಕುವುದು ನಾಲ್ಕನೇ ಸುತ್ತಿನಲ್ಲಿ, ಗಟ್ಟಿಯಾಗಿ ಓದಿಕೊಂಡು. ಬಹಳ ಜನ ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಮೊದಲ ಮೂರು ಅಧ್ಯಾಯದ ವಾಕ್ಯಗಳನ್ನು ತಿಂಗಳುಗಟ್ಟಲೆ ತಿಕ್ಕಿ ಹೊಳೆಯಿಸಿ, ಕಥೆ ಶುರುವಾಗುವುದು ನಾಲ್ಕನೇ ಅಧ್ಯಾಯದಲ್ಲಿ ಎಂದು ಆಮೇಲೆ ಗೊತ್ತಾದಾಗ ಆ ಮೂರನ್ನೂ ತೆಗೆಯಲು ಮನಸ್ಸು ಬರುವುದಿಲ್ಲ.

ಹೆಸರು ಬದಲಿಸುವ ವಿಷಯ ಸಣ್ಣದಾದರೂ ಕನ್ನಡದಲ್ಲಿ ದೊಡ್ಡ ತಲೆನೋವು. ‘ಮಾದ’ ಎಂಬ ಪಾತ್ರವನ್ನು ‘ಕಾಳಿ’ ಮಾಡಬೇಕೆಂದು ಕಂಪ್ಯೂಟರಿಗೆ ಒಂದೇ ಏಟಿಗೆ ಬದಲಿಸಲು ಹೇಳಿದರೆ ‘ಮಾದನಿಗೆ’ ಎಂಬುದು ‘ಕಾಳಿನಿಗೆ’ ಆಗುತ್ತದೆ, ‘ಮಾದರಿ’ ಎಂಬುದು ‘ಕಾಳಿರಿ’ ಆಗುತ್ತದೆ. ಅಕಾರದಲ್ಲಿ ಮುಗಿಯುವ ಹೆಸರಿಗೆ ಅಕಾರದ್ದೇ ಬದಲಿ ಹುಡುಕುವುದು ಸುಲಭದ ದಾರಿ. ಇಲ್ಲವಾದರೆ ಒಂದೊಂದನ್ನೂ ನೋಡಿಯೇ ಬದಲಿಸಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಇಡೀ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಪರಿವರ್ತನೆಯಲ್ಲಿ ಅರ್ಕಾವತ್ತು ಮತ್ತು ಒತ್ತಕ್ಷರಗಳು ಕೆಡುವ ಸಂಭವವಿದೆ, ಅವನ್ನೇ ಹುಡುಕಿ ನೋಡಿ. ಪ್ರತಿ ಸುತ್ತಿಗೂ ತಾರೀಕು ಹಾಕಿದ ಬೇರೆ ಪ್ರತಿ ಇರಲಿ. ಕತ್ತರಿಸಿದ ದೃಶ್ಯಗಳಿಗೆ ಇನ್ನೊಂದು ಕಡತ.

ಉದ್ದದ ಬಗ್ಗೆ ಒಂದು ಮಾತು. ಡೆಮಿ ಅಷ್ಟಕದ (ಕಾದಂಬರಿಗಳ ಸಾಮಾನ್ಯ ಅಳತೆ) ಪುಟಕ್ಕೆ 240 ಪದ ಹಿಡಿದರೂ 1,40,000 ಪದ ಎಂದರೆ 580 ಪುಟ. ಹೊಸ ಲೇಖಕರ ಮೊದಲ ಪುಸ್ತಕಕ್ಕೆ ಇದು ಭಾರ. ತಿದ್ದುವಾಗ ಒಂದು ಲಕ್ಷಕ್ಕೆ ಇಳಿಸುವ ಗುರಿ ಇಟ್ಟುಕೊಳ್ಳಿ.

ಪ್ರಶ್ನೆ: ಹಿಮದ ಕೋಟೆ, ಡ್ರ್ಯಾಗನ್ ಬಿಟ್ಟು ಬೇರೇನೂ ತಲೆಗೆ ಬರುತ್ತಿಲ್ಲ. ಕೊಡಗಿನ ಹಿನ್ನೆಲೆಯಲ್ಲೇ ಬರೆಯಬೇಕೆಂಬ ಆಸೆ ಇದೆ. ಸ್ಫೂರ್ತಿಗೆ ಏನು ಓದಲಿ, ಏನು ನೋಡಲಿ?
— ನಾಪೋಕ್ಲುವಿನ ಕಾಲೇಜು ವಿದ್ಯಾರ್ಥಿ

ಉತ್ತರ: ಐನ್‌ಮನೆ (ಒಕ್ಕದ ಮೂಲಮನೆ), ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ), ದೇವರಕಾಡು ಎಂದು ಹೆಸರು ಪೋಣಿಸಿದ ಮಾತ್ರಕ್ಕೆ ಕಥೆ ಕೊಡಗಿನದಾಗುವುದಿಲ್ಲ. ಹಿಮದ ಕೋಟೆಗೆ ಹೆಂಚು ಹೊದಿಸಿದ ಹಾಗಿರುತ್ತದೆ ಅಷ್ಟೆ. ವಸ್ತುವನ್ನು ಬಿಟ್ಟು ಅದು ನಡೆಯುವ ರೀತಿಯನ್ನು ಎತ್ತಿಕೊಳ್ಳಿ.

ಮದ್ದುಸೊಪ್ಪನ್ನೇ ನೋಡಿ. ಕೊಡವ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಅದರಲ್ಲಿ 18 ಬಗೆಯ ಮದ್ದು ಸೇರಿರುತ್ತದೆಂಬ ನಂಬಿಕೆ. ಸೊಪ್ಪನ್ನು ನೀರಿನಲ್ಲಿ ಕುದಿಸಿದರೆ ರಸ ಕಡು ನೇರಳೆಗೆ ತಿರುಗುತ್ತದೆ, ಪರಿಮಳ ಮನೆಯಿಡೀ ಹರಡುತ್ತದೆ. ಆ ರಸದಲ್ಲಿ ಪಾಯಸವನ್ನೋ ಪುಟ್ಟನ್ನೋ ಮಾಡಿ ತಿಂದವರ ಮೂತ್ರ ಕೆಂಪಾಗುತ್ತದೆ. ಗೊತ್ತಿಲ್ಲದ ನೆಂಟರು ಗಾಬರಿ ಬೀಳುವುದುಂಟು. ಕಾದಂಬರಿಕಾರರ ಕಣ್ಣಿನಿಂದ ನೋಡಿದರೆ ಇಲ್ಲಿ ಮಾಯೆಯ ನಿಯಮ ಸಿದ್ಧವಾಗಿಯೇ ಇದೆ: ಒಂದೇ ದಿನ ಫಲಿಸುತ್ತದೆ, ಅಡುಗೆಮನೆಯಲ್ಲಿ ತಯಾರಾಗುತ್ತದೆ, ಕುಡಿದವರು ಮುಚ್ಚಿಡಲು ಆಗುವುದಿಲ್ಲ. ಅರಮನೆಯಲ್ಲಿ ಯಾರೋ ಕದ್ದು ಕುಡಿದಿದ್ದಾರೆ, ಬೆಳಿಗ್ಗೆ ಗೊತ್ತಾಗಲೇಬೇಕು. ಗಿಡದ ಹೆಸರು, ಬಣ್ಣ, ತಿಂಗಳು ಎಲ್ಲ ಬದಲಿಸಿ. ಈ ಮೂರು ಕೊಂಡಿ ಮಾತ್ರ ಇಟ್ಟುಕೊಳ್ಳಿ.

ಕಡಂಗಗಳನ್ನೂ ಹೀಗೆಯೇ ನೋಡಬಹುದು. ಗುಡ್ಡದ ಏಣು ಹತ್ತಿ ಇಳಿದು ದೂರದೂರ ಹೋಗುವ ಆ ಹಳೆಯ ಕಂದಕಗಳು ಈಗ ಕಾಫಿ ತೋಟದ ನಡುವೆ ಹುಲ್ಲು ಮುಚ್ಚಿಕೊಂಡಿವೆ. ಕೆರೆಯೂ ಅಲ್ಲ, ಕಾಲುವೆಯೂ ಅಲ್ಲ. ಇಷ್ಟೊಂದು ಮಣ್ಣು ತೆಗೆಯಲು ಎಷ್ಟು ಜನ, ಎಷ್ಟು ಕಾಲ, ಯಾರಿಗೆ ಹೆದರಿ ಎಂಬ ಪ್ರಶ್ನೆಗಳಿಂದಲೇ ಒಂದು ರಾಜ್ಯದ ಇತಿಹಾಸ ಹುಟ್ಟುತ್ತದೆ.

ಓದಲು, ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’. ಕೊಡವ ಹಾಡುಗಳು, ಗಾದೆಗಳು, ಕಟ್ಟುಪಾಡುಗಳು ಅದರಲ್ಲಿವೆ. ಮದುವೆ, ಸಾವು, ಜಗಳ ತೀರ್ಮಾನಗಳ ಭಾಗವನ್ನು ನಿಧಾನವಾಗಿ ಓದಿ. ಕಲ್ಪಿತ ಸಮಾಜವೊಂದಕ್ಕೆ ಕಾನೂನು ಕಟ್ಟುವಾಗ ಯುದ್ಧದ ವರ್ಣನೆಗಿಂತ ಅವೇ ಉಪಯೋಗಕ್ಕೆ ಬರುತ್ತವೆ.

ಎಚ್ಚರಿಕೆ ಎರಡು. ಕಾವೇರಮ್ಮ, ಇಗ್ಗುತಪ್ಪ ಇಂದಿಗೂ ಪೂಜೆಗೊಳ್ಳುವ ದೇವರು; ಅವರನ್ನು ಪಾತ್ರ ಮಾಡಿ ಸೋಲಿಸುವುದು, ಕೆಡುಕರಾಗಿಸುವುದು ಬೇಡ, ನಿಮ್ಮ ಲೋಕಕ್ಕೆ ನಿಮ್ಮದೇ ದೇವರನ್ನು ಸೃಷ್ಟಿಸಿ. ಹಾಗೆಯೇ ನಿಜವಾಗಿ ಇರುವ ಮನೆಹೆಸರನ್ನು ಖಳನಿಗೆ ಕೊಡಬೇಡಿ. ಹೊಸದಾಗಿ ಕಟ್ಟಿದ ಹೆಸರನ್ನೂ ಊರಿನ ಇಬ್ಬರು ಹಿರಿಯರಿಗೆ ಕೇಳಿಸಿ, ಅಂಥ ಒಕ್ಕ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಪ್ರಶ್ನೆ: ನನ್ನ ಕಥೆಯಲ್ಲಿ 2,000 ಜನರ ಸೈನ್ಯ ನದಿಯ ಮೂಲದಿಂದ ಬಯಲಿನ ಕೋಟೆಗೆ ಒಂದು ರಾತ್ರಿ, ಒಂದು ಹಗಲಿನಲ್ಲಿ ಬರುತ್ತದೆ, ಅದೂ ಮಳೆಗಾಲದಲ್ಲಿ. ಓದಿದವರೊಬ್ಬರು ನಕ್ಕರು. ಎಷ್ಟು ದಿನ ಹಿಡಿಯಬೇಕು?
— ಕುಶಾಲನಗರದ ಓದುಗ

ಉತ್ತರ: ನಕ್ಕದ್ದು ಸರಿಯೇ. ನಿಮ್ಮ ನಕಾಶೆಗೆ ಅಳತೆ ಪಕ್ಕದಲ್ಲೇ ಇದೆ. ತಲಕಾವೇರಿಯಿಂದ ಭಾಗಮಂಡಲಕ್ಕೆ 8 ಕಿ.ಮೀ., ಅಲ್ಲಿಂದ ಮಡಿಕೇರಿಗೆ 40ಕ್ಕೆ ಹತ್ತಿರ, ಮಡಿಕೇರಿಯಿಂದ ನಿಮ್ಮೂರಿಗೆ 30ರ ಸುಮಾರು. ಈಗಿನ ರಸ್ತೆಯಲ್ಲೇ ಒಟ್ಟು 75 ಕಿ.ಮೀ. ಹೊರೆ ಹೊತ್ತ ಕಾಲಾಳುಗಳು ಮಲೆಯ ಕಾಲುದಾರಿಯಲ್ಲಿ ದಿನಕ್ಕೆ 15 ಕಿ.ಮೀ. ಸಾಗಿದರೆ ಹೆಚ್ಚು. ಬೇಸಿಗೆಯಲ್ಲಿ ಐದಾರು ದಿನ. ಮಳೆಗಾಲದಲ್ಲಿ ಹೊಳೆ ಇಳಿಯಲು ಕಾಯುವುದು, ಜಿಗಣೆ, ಜಾರುವ ಇಳಿಜಾರು ಎಲ್ಲ ಸೇರಿ ಇದರ ಎರಡರಷ್ಟು.

ಇನ್ನು ಊಟ. ಆಳಿಗೆ ದಿನಕ್ಕೆ ಒಂದು ಕಿಲೋ ಅಕ್ಕಿಯಂತೆ 2,000 ಜನಕ್ಕೆ ಹತ್ತು ದಿನಕ್ಕೆ 20,000 ಕಿಲೋ. ಹೇರೆತ್ತಿಗೆ 100 ಕಿಲೋ ಹೇರಿದರೆ 200 ಎತ್ತು. ಒಂದರ ಹಿಂದೊಂದು ನಡೆದರೆ ಸಾಲಿನ ತಲೆ ಬಿಡಾರ ತಲುಪಿದಾಗ ಬಾಲ ಇನ್ನೂ ಕಣಿವೆಯಲ್ಲಿರುತ್ತದೆ. ಆನೆ ಸೇರಿಸುವ ಮೊದಲು ಯೋಚಿಸಿ, ಒಂದಕ್ಕೆ ದಿನಕ್ಕೆ 150 ಕಿಲೋ ಹಸಿರು ಮೇವು ಬೇಕು.

ಮಳೆಯನ್ನೂ ಎಲ್ಲ ಕಡೆ ಒಂದೇ ಸಮ ಸುರಿಸಬೇಡಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ, ಭಾಗಮಂಡಲದ ಕಡೆ ಇನ್ನೂ ಎಷ್ಟೋ ಹೆಚ್ಚು, ಕುಶಾಲನಗರದಲ್ಲಿ ಮಡಿಕೇರಿಯ ಅರ್ಧವೂ ಇಲ್ಲ. ಮೋಡವನ್ನು ಪಶ್ಚಿಮದ ಬೆಟ್ಟಗಳೇ ಹಿಂಡಿಬಿಡುತ್ತವೆ. ಮೇಲಿನಿಂದ ನೆನೆದು ಚಳಿಜ್ವರ ಹಿಡಿದು ಬಂದ ಪಡೆ, ಕೆಳಗೆ ಒಣಗಿದ ನೆಲದಲ್ಲಿ ಕಾದು ಕುಳಿತ ಶತ್ರು: ಯುದ್ಧದ ಫಲಿತಾಂಶ ಅಲ್ಲೇ ಇದೆ.

ಇಲ್ಲವಾದರೆ ಮಳೆಗಾಲದಲ್ಲಿ ಯುದ್ಧವೇ ನಿಷಿದ್ಧವೆಂದು ಮಾಡಿ. ನಾಟಿ ಮುಗಿಯುವ ತನಕ ಆಯುಧ ಒಳಗಿಟ್ಟು, ಕೈಲ್‌ಪೊಳ್ದ್ ಹಬ್ಬದಂದು ಪೂಜಿಸಿ ಹೊರತೆಗೆಯುವ ಪದ್ಧತಿ ಕೊಡಗಿನದೇ. ಆ ದಿನಕ್ಕೆ ಮುಂಚೆ ಕತ್ತಿ ಹಿರಿದ ರಾಜ ನಿಯಮ ಮುರಿದವನಾಗುತ್ತಾನೆ, ಅವನ ಕಡೆಯವರೇ ಹಿಂಜರಿಯುತ್ತಾರೆ.

ಪ್ರಶ್ನೆ: ಸಾವಿರ ವರ್ಷ ಹಿಂದಿನ ಕಲ್ಪಿತ ರಾಜ್ಯದಲ್ಲಿ ಕಾಫಿ ತೋಟ ಇಡಬಹುದೇ?
— ಸೋಮವಾರಪೇಟೆಯ ಓದುಗಿ

ಉತ್ತರ: ಲೋಕ ಪೂರ್ತಿ ಕಲ್ಪಿತವಾಗಿದ್ದರೆ ಇಡಬಹುದು. ಹಳೆಯ ಕೊಡಗಿನಂತೆ ಕಾಣಬೇಕೆಂದಿದ್ದರೆ ಬೇಡ. ಕೊಡಗಿನಲ್ಲಿ ದೊಡ್ಡ ತೋಟಗಳು ಎದ್ದದ್ದು 19ನೇ ಶತಮಾನದಲ್ಲಿ. ನೆರಳಿಗೆ ನಿಂತ ಸಿಲ್ವರ್ ಓಕ್ ಆಸ್ಟ್ರೇಲಿಯದ್ದು. ಪೊದೆಪೊದೆಯಾಗಿ ಬೆಳೆದ ಲಂಟಾನ, ಅಡುಗೆಯ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಎಲ್ಲ ಅಮೆರಿಕ ಖಂಡಗಳಿಂದ ಬಂದವು. ಖಾರಕ್ಕೆ ಕರಿಮೆಣಸು, ಹುಳಿಗೆ ಕಾಚಂಪುಳಿ (ಹುಳಿಹಣ್ಣಿನ ರಸ ಕುದಿಸಿ ಮಾಡಿದ ಕಪ್ಪು ಹುಳಿ) ಸಾಕು. ಕೊಡಗಿನ ಹಂದಿಮಾಂಸದ ಪಂದಿಕರಿಗೆ ಇಂದಿಗೂ ಅವೆರಡೇ ಆಧಾರ. ವ್ಯಾಪಾರದ ಸರಕು ಬೇಕಿದ್ದರೆ ಏಲಕ್ಕಿ, ಜೇನು, ಆನೆದಂತ. ತೋಟಕ್ಕಿಂತ ಬಿದಿರಿನಲ್ಲಿ ಹೆಚ್ಚು ಕಥೆಯಿದೆ: 40–50 ವರ್ಷಕ್ಕೊಮ್ಮೆ ಹಿಂಡು ಹಿಂಡಾಗಿ ಹೂಬಿಟ್ಟು ಸಾಯುತ್ತದೆ, ಬಿದಿರಕ್ಕಿ ಉದುರುತ್ತದೆ, ಇಲಿಗಳು ಹೆಚ್ಚುತ್ತವೆ, ಆಮೇಲೆ ಅವು ಗದ್ದೆಗೆ ನುಗ್ಗುತ್ತವೆ. ಎರಡು ತಲೆಮಾರಿನ ಸರಣಿಗೆ ಹೇಳಿ ಮಾಡಿಸಿದ ಗಡಿಯಾರ.

ಪ್ರಶ್ನೆ: ಕರಡನ್ನು ಯಾರಿಗೆ ಓದಲು ಕೊಡಬೇಕು? ಕೊಟ್ಟವರೆಲ್ಲ ‘ಚೆನ್ನಾಗಿದೆ’ ಎಂದಷ್ಟೇ ಹೇಳುತ್ತಾರೆ.
— ಗೋಣಿಕೊಪ್ಪಲಿನ ಓದುಗ

ಉತ್ತರ: ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದೇ ಉತ್ತರ ಬರುವುದು. ಎಲ್ಲಿ ಓದು ನಿಲ್ಲಿಸಿ ಎದ್ದಿರಿ, ಯಾವ ಪುಟ ಹಾರಿಸಿದಿರಿ, ಯಾರ ಹೆಸರು ಕಲಸಿಹೋಯಿತು, ಮುಂದೇನಾಗುತ್ತದೆಂದು ಅಂದುಕೊಂಡಿರಿ ಎಂದು ಕೇಳಿ. ಐದು ಜನ ಸಾಕು. ಫ್ಯಾಂಟಸಿ ಓದುವವರು ಇಬ್ಬರು, ಬರೀ ಸಾಮಾಜಿಕ ಕಾದಂಬರಿ ಓದುವವರು ಇಬ್ಬರು, ಕಾಡು ಬೇಸಾಯ ಬಲ್ಲ ಹಿರಿಯರೊಬ್ಬರು. ಐವರಿಗೂ ಒಟ್ಟಿಗೆ ಕೊಡಬೇಡಿ. ಮೊದಲು ಇಬ್ಬರಿಗೆ ಕೊಟ್ಟು, ಅವರು ತೋರಿಸಿದ್ದನ್ನು ತಿದ್ದಿ, ಆಮೇಲೆ ಉಳಿದ ಮೂವರಿಗೆ. ಮೊದಲ ಸಲ ಓದುವ ಕಣ್ಣು ಒಬ್ಬರಿಂದ ಒಮ್ಮೆ ಮಾತ್ರ ಸಿಗುವುದು.

ಇಬ್ಬರು ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ದೋಷವಿದೆ. ಆದರೆ ಅವರು ಸೂಚಿಸಿದ ಪರಿಹಾರ ಸರಿಯಿರಬೇಕೆಂದಿಲ್ಲ. 30ನೇ ಅಧ್ಯಾಯದ ಮೋಸ ನಂಬುವಂತಿಲ್ಲ ಎಂದರೆ, ತಿದ್ದಬೇಕಾದದ್ದು ಹೆಚ್ಚಾಗಿ ಆ ಪಾತ್ರ ಮೊದಲು ಸುಳ್ಳು ಹೇಳಬೇಕಿದ್ದ ಐದನೇ ಅಧ್ಯಾಯವನ್ನು. ಎರಡನೇ ಭಾಗ ಕೊಡುವಾಗ, ಮೊದಲನೆಯದನ್ನು ಓದಿ ಆರು ತಿಂಗಳಾದವರಲ್ಲಿ ಒಬ್ಬರಿಗೆ ಹಿಂದಿನ ಕಥೆ ನೆನಪಿಸದೆ ಕೊಟ್ಟು ನೋಡಿ. ಅವರು ಎಲ್ಲೆಲ್ಲಿ ತಡಕಾಡುತ್ತಾರೋ ಅಲ್ಲಿ ಮಾತ್ರ ಒಂದೊಂದು ಸಾಲು ನೆನಪಿಸಿದರೆ ಸಾಕು.